ಸರದಾರನ ನೂರು ಮಿಲಿ

2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 8 ಗಂಟೆ 42 ನಿಮಿಷಕ್ಕೆ ದೊಡ್ಡಬೀರಪ್ಪನ ಕುದುರೆ ಸರದಾರ ಸುಣ್ಣದ ಗೆರೆ ದಾಟಿತು. ಕಾನಹೊಸಹಳ್ಳಿಯ ಹೊರಗಿನ ಆ ಬೀಳು ಹೊಲದಲ್ಲಿ ನೆರೆದಿದ್ದವರೆಲ್ಲ ಕುದುರೆಯ ಮುಖದ ಕಡೆ ಓಡಿದರು. ಪ್ರಬುದ್ಧ ಎಂಬವನೊಬ್ಬ ಮಾತ್ರ ಅದರ ಹೊಟ್ಟೆಯ ಕಡೆ ಓಡಿದ. ಅವನ ಕೈಯಲ್ಲಿ ಆರಡಿ ಕೋಲಿತ್ತು, ಕೋಲಿನ ತುದಿಗೆ ತಂತಿಯಿಂದ ಬಿಗಿದ ಎರಡು ಲೀಟರಿನ ಸ್ಟೀಲ್ ಪಾತ್ರೆಯಿತ್ತು. ದೂರದಿಂದ ನೋಡಿದವರಿಗೆ, ಬೇಲಿಯಾಚೆಯ ಪಂಕ್ತಿಗೆ ಸಾರು ಬಡಿಸಲು ಹೊರಟವನ ಹಾಗೆ ಕಾಣುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಕುದುರೆಯ ಮೂತ್ರ, ನೂರು ಮಿಲಿ.

ಪ್ರಬುದ್ಧ ಬಿ.ಎಸ್ಸಿ. ಓದಿದವನು. ಹಗರಿದಂಡೆ ಕುರಿ ಸಾಕಾಣಿಕೆದಾರರ ಸಂಘದಲ್ಲಿ ಆರು ವರ್ಷದಿಂದ ಗುತ್ತಿಗೆ ನೌಕರ. ಸಂಘದ ಬೈಕಿನ ಹಿಂದೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹಟ್ಟಿಯಿಂದ ಹಟ್ಟಿಗೆ ಸುತ್ತಿ ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದು, ಸೂಜಿ ಹಾಕುವುದು ಅವನ ಕೆಲಸ. ಜನ ಅವನನ್ನು ಡಾಕ್ಟರ್ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಲ ವರ್ಷವಿಡೀ ಹೇಳಿದ, ಆಮೇಲೆ ಸುಮ್ಮನಾದ. ಸಂಜೆ ಮನೆಗೆ ಬಂದು ಬೂಟು ಬಿಚ್ಚುವಾಗ ಅಪ್ಪ ಸುಂಕಪ್ಪ ಪ್ರತಿದಿನ ಒಂದೇ ಮಾತು ಕೇಳುತ್ತಿದ್ದ: "ಕಾಯಂ ಆತೇನು?" ಆರು ವರ್ಷ ಈ ಪ್ರಶ್ನೆ ಕೇಳಿ ಕೇಳಿ ಪ್ರಬುದ್ಧ ಈಗ ಬೂಟು ಬಿಟ್ಟು ಚಪ್ಪಲಿ ಹಾಕತೊಡಗಿದ್ದ, ಚಪ್ಪಲಿ ಬಿಚ್ಚಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ಸಂಘ ವರ್ಷಕ್ಕೊಮ್ಮೆ ಕುರಿಗಾರರ ಕುದುರೆಗಳ ಓಟ ನಡೆಸುತ್ತಿತ್ತು. ಇವೇನು ಓಟಕ್ಕೆಂದೇ ಸಾಕಿದ ಕುದುರೆಗಳಲ್ಲ. ಕುರಿಗಾರರ ಹಟ್ಟಿ ಬೀಡು ಕಿತ್ತು ಊರಿಂದೂರಿಗೆ ಹೋಗುವಾಗ ಪಾತ್ರೆ, ಕಂಬಳಿ, ಬಲೆ, ಎಳೆಮರಿ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವಂಥವು. ಎರಡು ವರ್ಷದ ಹಿಂದೆ ಗೆದ್ದ ಕುದುರೆಯೊಂದು ಗೆದ್ದ ಮೇಲೂ ನಿಲ್ಲದೆ ಎರಡು ದಿನ ನಿದ್ದೆ ಮಾಡದೆ ಗೂಟ ಸುತ್ತಿತು. ಅದಕ್ಕೆ ಏನೋ ತಿನ್ನಿಸಿದ್ದಾರೆ ಎಂದು ಗಲಾಟೆಯಾಯಿತು. ದೊಡ್ಡ ಊರಿನ ರೇಸುಗಳಲ್ಲಿ ಗೆದ್ದ ಕುದುರೆಯ ಮೂತ್ರ ಪರೀಕ್ಷೆ ಮಾಡುತ್ತಾರಂತೆ, ನಾವೂ ಮಾಡೋಣ ಎಂದು ಆಡಳಿತ ಮಂಡಳಿ ಠರಾವು ಪಾಸು ಮಾಡಿತು. ಓದಿದವನೆಂದು ನಿಯಮಗಳನ್ನು ಹುಡುಕಿ ಕನ್ನಡಕ್ಕೆ ತಂದು ಟೈಪ್ ಮಾಡುವ ಕೆಲಸ ಪ್ರಬುದ್ಧನ ಪಾಲಿಗೆ ಬಂತು. ಓಟ ಮುಗಿದ ಆರು ತಾಸಿನೊಳಗೆ ಮಾದರಿ ತೆಗೆಯಬೇಕು. ಅಲ್ಲಿಯವರೆಗೆ ಮಾದರಿ ತೆಗೆಯುವವನು ಕುದುರೆಯ ಮೇಲಿನ ಕಣ್ಣು ತೆಗೆಯಬಾರದು. ಕುದುರೆಗೆ ಬರೀ ನೀರು ಬಿಟ್ಟು ಬೇರೇನೂ ಕೊಡಬಾರದು. ಮಾದರಿ ನೂರು ಮಿಲಿಗೆ ಕಮ್ಮಿ ಇದ್ದರೆ ಅಸಿಂಧು.

ಕಳೆದ ವರ್ಷ ಪ್ರಬುದ್ಧ ಮಾದರಿ ತೆಗೆದಿದ್ದ. ಆಗ ಬಾಟಲಿ ಸಿಗದೆ ಕುಡಿಯುವ ನೀರಿನ ಖಾಲಿ ಬಾಟಲಿಗೇ ತುಂಬಿ ಮೇಜಿನ ಮೇಲಿಟ್ಟು ಸಹಿಗಾಗಿ ಪೆನ್ನು ಹುಡುಕಲು ತಿರುಗಿದ್ದಷ್ಟೇ. ಅತಿಥಿಗಳ ಕಾರಿನ ಚಾಲಕ ಅದನ್ನು ಒಯ್ದು ಇಂಜಿನ್ನಿನ ರೇಡಿಯೇಟರಿಗೆ ಸುರಿದುಬಿಟ್ಟ. ಕಾರು ಏನೂ ತಕರಾರಿಲ್ಲದೆ ಹರಪನಹಳ್ಳಿ ಮುಟ್ಟಿತು. ಪ್ರಬುದ್ಧನ ಹೆಸರು ಮಾತ್ರ ಕೆಟ್ಟಿತು. ಗೆದ್ದವರ ಕಡೆ ಸೇರಿಕೊಂಡು ಬೇಕಂತಲೇ ಬಾಟಲಿ ಕಳೆದ ಎಂದರು.

ಹಾಗಾಗಿ ಈ ಸಲ ಸಂಘದ ಕಾರ್ಯದರ್ಶಿ ಗುರುಬಸವರಾಜ ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡು ಪ್ರಬುದ್ಧ, ನಾಳೆ ಹನ್ನೊಂದಕ್ಕ ಮೀಟಿಂಗ್ ಐತಿ. ಇವತ್ತು ಸೀಲಾದ ಬಾಟ್ಲಿ ನನ್ನ ಕೈಗೆ ಬಂತಂದ್ರ ನಿನ್ನ ಕೆಲಸ ಕಾಯಂ. ಬರಲಿಲ್ಲಂದ್ರ ನಿನ್ನ ಪರವಾಗಿ ನಾ ಬಾಯಿ ತೆಗೆಯಂಗಿಲ್ಲ."

ಸರದಾರನನ್ನು ತಗಡಿನ ಶೆಡ್ಡಿನ ನೆರಳಿಗೆ ಕಟ್ಟಿದರು. ಮೈತುಂಬ ಭಂಡಾರದ ಅರಿಶಿನ ಬಳಿಸಿಕೊಂಡು, ಹಣೆಗೆ ಮಿರಿಮಿರಿ ಮಿಂಚುವ ಪಟ್ಟಿ ಕಟ್ಟಿಸಿಕೊಂಡು ಅದು ನಿಬ್ಬಣದ ಮುಂದೆ ಕೂತ ಮದುಮಗನ ಹಾಗೆ ಯಾರ ಮುಖವನ್ನೂ ನೋಡದೆ ನಿಂತಿತು. ಪ್ರಬುದ್ಧ ಅದರ ಹೊಟ್ಟೆಯ ಕೆಳಗೆ ಪಾತ್ರೆ ಹಿಡಿದು ಕೂತ. ಹತ್ತು ನಿಮಿಷವಾಯಿತು. ಅರ್ಧ ತಾಸಾಯಿತು. ಕುದುರೆ ಒಮ್ಮೆ ಬಾಲ ಎತ್ತಿ ಬೇರೆಯದನ್ನು ಕೊಟ್ಟಿತು. ಅದಕ್ಕೆ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ.

ಜನ ಒಬ್ಬೊಬ್ಬರಾಗಿ ಬಂದು ಸಲಹೆ ಕೊಡತೊಡಗಿದರು. ಮಜ್ಜಿಗೆ ಕುಡಿಸಿ ಎಂದರು. ಕಲ್ಲಂಗಡಿ ತಿನ್ನಿಸಿ ಎಂದರು. ಒಬ್ಬರು ಕಾಲಿನ ಕೆಳಗೆ ಒದ್ದೆ ಹುಲ್ಲು ಹಾಸಿ ಎಂದರೆ, ಇನ್ನೊಬ್ಬರು ನಮ್ಮ ಮಾವನಿಗೂ ಹೀಗೇ ಆಗಿತ್ತು, ದಾವಣಗೆರೆಗೆ ಒಯ್ದು ನಳಿಗೆ ಹಾಕಿಸಿದೆವು ಎಂದು ಮಾವನ ಕತೆಯನ್ನು ಮೊದಲಿನಿಂದ ಹೇಳಿದರು. ವ್ಯಾಯಾಮದ ಮೇಷ್ಟರಾಗಿ ನಿವೃತ್ತರಾದ ನಾಗಪ್ಪ ಟ್ಯಾಂಕಿನ ನಲ್ಲಿ ತೆರೆದುಬಿಟ್ಟರು. ನೀರು ಸುರಿಯುವ ಸಪ್ಪಳ ಕೇಳಿದರೆ ಯಾವ ಪ್ರಾಣಿಗೂ ತಡೆಯಲಾಗುವುದಿಲ್ಲ ಎಂಬುದು ಅವರ ಅನುಭವ.

ಅನುಭವ ನಿಜವೇ. ಹತ್ತು ನಿಮಿಷದಲ್ಲಿ ಅದರ ಫಲ ಪ್ರಬುದ್ಧನಿಗೆ ತಿಳಿಯಿತು. ಕುದುರೆಗಲ್ಲ, ಅವನಿಗೆ. ಆದರೆ ಕುದುರೆಯ ಮೇಲಿನ ಕಣ್ಣು ತೆಗೆಯುವ ಹಾಗಿಲ್ಲ. ತೊಡೆ ಬಿಗಿಹಿಡಿದು ಕೂತ.

ಇದನ್ನೆಲ್ಲ ಮೊಬೈಲಿನಲ್ಲಿ ಲೈವ್ ಬಿಡುತ್ತಿದ್ದವನು ಎರ್ರೆಪ್ಪ. ಹರಪನಹಳ್ಳಿ ಕಡೆಯ ಅರಸೀಕೆರೆಯವನು. ಅವನ ಕುದುರೆ ಎರಡನೆಯದಾಗಿ ಬಂದಿತ್ತು. ಸರದಾರ ಹೊರಗೆ ಬಿದ್ದರೆ ಗೆಲುವು ಅವನದೇ. ಪ್ರಬುದ್ಧ ಕೊನೆಗೆ ತಡೆಯಲಾರದೆ, ಕುದುರೆಯನ್ನೇ ನೋಡುತ್ತ, ಹಿಂದಡಿ ಇಡುತ್ತ ಬೇಲಿಯ ಸಂದಿಗೆ ಹೋದಾಗ ಎರ್ರೆಪ್ಪನೂ ಜೊತೆಗೇ ಬಂದ.

"ನೀವು ಮಾಡ್ರಿ ಸಾಹೇಬ್ರ, ಮುಜುಗರ ಬ್ಯಾಡ," ಎಂದ. "ಆದ್ರ ಅದನ್ನ ಬಾಟ್ಲಿಗೆ ಹಾಕಬ್ಯಾಡ್ರಿ ಮತ್ತ. ಅದನ್ನ ನೋಡಾಕ ಇನ್ನೂರು ಮಂದಿ ಅದಾರ."

ಹನ್ನೆರಡು ಗಂಟೆಯಾಯಿತು. ಸರದಾರ ಎರಡು ಬಕೆಟ್ ನೀರು ಕುಡಿದು ಮುಗಿಸಿತ್ತು. ಹೋದ ನೀರೆಲ್ಲ ಎಲ್ಲಿ ಸೇರುತ್ತಿದೆ ಎಂದು ವಿಜ್ಞಾನ ಓದಿದವನಿಗೂ ಅರ್ಥವಾಗಲಿಲ್ಲ. ಪ್ರಬುದ್ಧ ಜೇಬಿನಿಂದ ಫೋನು ತೆಗೆದು ಒಂದು ಕಣ್ಣಿನಲ್ಲಿ ಕುದುರೆಯನ್ನೂ ಇನ್ನೊಂದರಲ್ಲಿ ಪರದೆಯನ್ನೂ ನೋಡುತ್ತ ಹುಡುಕಿದ. ಸಿಕ್ಕಿತು. ದೊಡ್ಡ ಲಾಯಗಳಲ್ಲಿ ಕುದುರೆ ಮೂತ್ರ ಮಾಡುವ ಹೊತ್ತಿಗೆಲ್ಲ ಆಳುಗಳು ಸಿಳ್ಳೆ ಹಾಕುತ್ತಾರೆ; ಕ್ರಮೇಣ ಸಿಳ್ಳೆ ಕೇಳಿದರೆ ಸಾಕು, ಕುದುರೆ ತಾನಾಗಿ ಮೂತ್ರ ಮಾಡುತ್ತದೆ. ಇಷ್ಟು ಸುಲಭದ್ದನ್ನು ಮೊದಲೇ ಓದಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ. ದೊಡ್ಡಬೀರಪ್ಪ ಊಟಕ್ಕೆ ಹೋಗಿದ್ದ. ಹಗ್ಗ ಎಳೆದಂತಾದರೆ ಕುದುರೆಗೆ ನೆಮ್ಮದಿ ಇರುವುದಿಲ್ಲವೆಂದು ಪ್ರಬುದ್ಧನೇ ಅದನ್ನು ಗೂಟದಿಂದ ಬಿಚ್ಚಿ ಸಡಿಲವಾಗಿ ಕೈಯಲ್ಲಿ ಹಿಡಿದ. ತುಟಿ ಒದ್ದೆ ಮಾಡಿಕೊಂಡು ಉದ್ದಕ್ಕೆ ಒಂದು ಸಿಳ್ಳೆ ಹಾಕಿದ.

ಸರದಾರ ಕಿವಿ ನಿಮಿರಿಸಿತು. ಬೆಳಗಿನಿಂದ ಮೊದಲ ಬಾರಿಗೆ ಅವನ ಮುಖ ನೋಡಿತು. ಆಮೇಲೆ ನಡೆಯತೊಡಗಿತು.

ಪ್ರಬುದ್ಧ ಇನ್ನೊಂದು ಸಿಳ್ಳೆ ಹಾಕಿದ. ಕುದುರೆಯ ನಡಿಗೆ ಚುರುಕಾಯಿತು. ಅವನ ಕೈಯಿಂದ ಹಗ್ಗ ಜಾರಿತು. ಶೆಡ್ಡು ದಾಟಿ, ಪೆಂಡಾಲು ದಾಟಿ, ಅಡುಗೆಯ ಒಲೆಗಳ ನಡುವೆ ಹಾದು ಅದು ಕೊಟ್ಟೂರು ಕಡೆಯ ರಸ್ತೆ ಹಿಡಿಯಿತು. ಕೋಲು ಪಾತ್ರೆ ಹಿಡಿದು ಪ್ರಬುದ್ಧ ಹಿಂದೆ, ಮೊಬೈಲು ಹಿಡಿದು ಬೈಕಿನ ಮೇಲೆ ಎರ್ರೆಪ್ಪ ಅವನ ಹಿಂದೆ.

ಅನ್ನದ ಕೈಯಲ್ಲೇ ಓಡಿಬಂದ ದೊಡ್ಡಬೀರಪ್ಪ ಅರ್ಧ ಕಿಲೋಮೀಟರಿನ ಹತ್ತಿರ ಅವರನ್ನು ಕೂಡಿಕೊಂಡ. ವಿಷಯ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

"ಸಿಳ್ಳಿ ಯಾಕ ಹಾಕಿದ್ರಿ ಡಾಕ್ಟ್ರ? ನಮ್ಮ ಹಟ್ಟ್ಯಾಗ ಸಿಳ್ಳಿ ಅಂದ್ರ ಹಟ್ಟಿ ಎದ್ದೈತಿ, ನಡಿ ಅಂತ. ಕುರಿ ಏಳ್ತಾವು, ನಾಯಿ ಏಳ್ತಾವು, ಇದೂ ಹೊಂಡತೈತಿ. ಹಟ್ಟಿ ಮುಟ್ಟೋತನ ನಿಂದ್ರಂಗಿಲ್ಲ ನೋಡ್ರಿ ಇದು. ನಾ ಹಿಡದ್ರೂ ನಿಂದ್ರಂಗಿಲ್ಲ."

ಹಟ್ಟಿ ಎಲ್ಲಿದೆ ಎಂದು ಪ್ರಬುದ್ಧ ಕೇಳಿದ. ಹತ್ತಿರವೇ, ಆರು ಕಿಲೋಮೀಟರು ಎಂದ ದೊಡ್ಡಬೀರಪ್ಪ.

ಫೆಬ್ರವರಿಯ ಬಿಸಿಲು ಆ ವರ್ಷ ಏಪ್ರಿಲ್ಲಿನಿಂದ ಕಡ ತಂದ ಹಾಗಿತ್ತು. ಕುದುರೆ ಬಸ್ಸಿನ ಹಾಗೆ ಒಂದೇ ಹದದಲ್ಲಿ ನಡೆಯಿತು. ಎದುರಿಗೆ ಬಂದವರೆಲ್ಲ ನಿಂತು ನೋಡಿದರು. ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ, ಪಾತ್ರೆಯಲ್ಲೇನಿದೆ ಎಂದು ಕೇಳಿದ. ಇನ್ನೂ ಏನಿಲ್ಲ ಎಂದು ಪ್ರಬುದ್ಧ ಪ್ರಾಮಾಣಿಕವಾಗಿ ಉತ್ತರಿಸಿದ. ಮೂರನೆಯ ಕಿಲೋಮೀಟರಿನಲ್ಲಿ ಹೆಂಡತಿ ರೇಖಾ ಫೋನು ಮಾಡಿದಳು. ಅವಳ ತವರಿನ ಗುಂಪಿಗೂ ವಿಡಿಯೊ ಬಂದಿತ್ತು. ಬೇಲಿಯ ಸಂದಿಯದೂ ಬಂದಿದೆಯೇ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಅವಳೇ ಹೇಳಿದಳು, ಅದೇ ಮೊದಲು ಬಂತು ಎಂದು. ಆಮೇಲೆ, "ಹೋಗ್ಲಿ ಬಿಡ್ರಿ, ನಾಳಿ ಕಾಯಂ ಆದ್ರ ಎಲ್ಲಾ ಮರೀತಾರ," ಎಂದಳು. ಪ್ರಬುದ್ಧನಿಗೆ ಕಣ್ಣು ಒದ್ದೆಯಾಯಿತು. ಆ ಹೊತ್ತಿನಲ್ಲಿ ಅವನ ಸುತ್ತ ಕಣ್ಣೀರನ್ನು ಬಿಟ್ಟು ಬೇರೆ ಯಾವ ದ್ರವವೂ ಕೇಳಿದಾಗ ಬರುತ್ತಿರಲಿಲ್ಲ.

ಹಟ್ಟಿ ಮುಟ್ಟಿದಾಗ ಒಂದು ಗಂಟೆ ನಲವತ್ತು ನಿಮಿಷ. ಗಡುವಿಗೆ ಇನ್ನು ಒಂದು ತಾಸು ಎರಡು ನಿಮಿಷ. ಕೊಯ್ಲಾದ ಜೋಳದ ಹೊಲದಲ್ಲಿ ನಾಲ್ಕು ನೂರು ಕುರಿ ತಲೆ ತಗ್ಗಿಸಿ ನಿಂತಿದ್ದವು. ದೊಡ್ಡಬೀರಪ್ಪನ ಹೆಂಡತಿ ದ್ಯಾಮಕ್ಕ ಮರಿಗಳಿಗೆ ಹಾಲೂಡಿಸುತ್ತಿದ್ದಳು. ಸರದಾರ ನೇರ ಹೋಗಿ ತನ್ನ ಜಾಗದಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿತು. ಪ್ರಬುದ್ಧ ಮತ್ತೆ ಪಾತ್ರೆ ಹಿಡಿದ. ಇಪ್ಪತ್ತು ನಿಮಿಷ ಹೋಯಿತು. ಕಡೆಗೆ ಅವನು ಕುದುರೆಯ ಕಿವಿಯ ಹತ್ತಿರ ಬಾಯಿ ಒಯ್ದು, ಆರು ವರ್ಷದ ಗುತ್ತಿಗೆಯ ಬಗ್ಗೆ, ಅಪ್ಪನ ಪ್ರಶ್ನೆಯ ಬಗ್ಗೆ ಏನೇನೋ ಹೇಳಿದ. ಬರೀ ನೂರು ಮಿಲಿ, ಒಂದು ಲೋಟದ ಅರ್ಧ, ಎಂದು ಬೇಡಿಕೊಂಡ.

ದ್ಯಾಮಕ್ಕ ಇದನ್ನು ನೋಡಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ನಿನಗರ ಬುದ್ಧಿ ಬ್ಯಾಡೇನು? ಓದಿದ ಹುಡುಗನ್ನ ಬಿಸಲಾಗ ಸಾಯಿಸಾಕತ್ತಿ. ಹೇರು ಇಳಿಸದ ಅದು ಯಾವಾಗ ಉಚ್ಚಿ ಹೊಯ್ದೈತಿ?"

ದೊಡ್ಡಬೀರಪ್ಪ ಹಣೆ ಬಡಿದುಕೊಂಡ. ಸಂಗತಿ ಇಷ್ಟೇ. ಹುಟ್ಟಿದಾಗಿನಿಂದ ಸರದಾರನಿಗೆ ಒಂದೇ ಕ್ರಮ. ಬೆಳಿಗ್ಗೆ ಹೇರು ಹೊರುವುದು, ನಡೆಯುವುದು, ಹಟ್ಟಿ ಬಿಡುವ ಜಾಗ ಬಂದಾಗ ಹೇರು ಇಳಿಸಿಕೊಳ್ಳುವುದು, ಆಮೇಲೆ ಕಾಲು ಅಗಲಿಸಿ ನಿಲ್ಲುವುದು. ಇವತ್ತು ಹೇರೇ ಹೊತ್ತಿಲ್ಲ. ಹಾಗಾಗಿ ಅದರ ಲೆಕ್ಕದಲ್ಲಿ ದಿನ ಇನ್ನೂ ಶುರುವಾಗಿಲ್ಲ.

ವಿಜ್ಞಾನದ ಪ್ರಕಾರ ಇದು ಸರಿಯಾದ ಮಾತೆಂದು ಪ್ರಬುದ್ಧನಿಗೆ ತಕ್ಷಣ ಹೊಳೆಯಿತು. ಮೈಯಲ್ಲಿ ಎಲ್ಲಿಂದಲೋ ಬಲ ಬಂತು. ಹೇರು ಹೊರಿಸೋಣ, ಬೇಗ ಹೊರಿಸೋಣ ಎಂದು ಅವನೇ ಗೋಣಿಚೀಲ ಎತ್ತಿಕೊಂಡ. ಭಂಡಾರದ ಮೇಲೆ ಮೆತ್ತೆ ಹಾಕಿದರೆ ಬೆನ್ನು ಕೆರೆಯುತ್ತದೆ ಎಂದು ದ್ಯಾಮಕ್ಕ ಒದ್ದೆ ಚೀಲದಿಂದ ಕುದುರೆಯ ಮೈ ಒರೆಸಿದಳು. ಹಣೆಯ ಪಟ್ಟಿ ಕಿತ್ತೆಸೆದಳು. ಹಳದಿ ಹೋಗಿ ಬೂದಿಯ ಬಣ್ಣ ಕಾಣಿಸಿತು. ಗೋಣಿಯ ಮೆತ್ತೆ ಬಿತ್ತು. ಅದರ ಮೇಲೆ ಸುತ್ತಿದ ಬಲೆ, ಕಂಬಳಿಗಳು, ಒಂದು ಪಕ್ಕಕ್ಕೆ ನೀಲಿ ಕೊಡ, ಇನ್ನೊಂದು ಪಕ್ಕಕ್ಕೆ ಮಸಿ ಹಿಡಿದ ಪಾತ್ರೆಗಳು, ಚೀಲದಿಂದ ತಲೆ ಹೊರಗಿಟ್ಟ ಎರಡು ಎಳೆಮರಿ, ಎಲ್ಲದರ ಮೇಲೆ ಕಾಲು ಕಟ್ಟಿದ ಒಂದು ಕೆಂಪು ಕೋಳಿ. ದೊಡ್ಡಬೀರಪ್ಪ ಅದನ್ನು ಹೊಲದ ಸುತ್ತ ಒಂದು ಸುತ್ತು ನಡೆಸಿಕೊಂಡು ಬಂದ.

ಎದುರಿಗೆ ಬರುತ್ತಿದ್ದ ಕುದುರೆಯನ್ನು ನೋಡುತ್ತ ಪ್ರಬುದ್ಧ ನಿಂತಲ್ಲೇ ತಣ್ಣಗಾದ.

ಈ ಕುದುರೆಯನ್ನು ಅವನು ನೋಡಿದ್ದ. ಶುಕ್ರವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ದಾರಿಯಲ್ಲಿ. ತಲೆಗೆ ಕಂಬಳಿ ಹೊದ್ದ ಒಬ್ಬ ಯುವಕ ಬೈಕಿಗೆ ಅಡ್ಡ ಬಂದು, ಹೇರಿನ ಕುದುರೆ ಕುಂಟುತ್ತಿದೆ ಎಂದಿದ್ದ. ಬೂದಿ ಬಣ್ಣ, ನೀಲಿ ಕೊಡ, ಕೆಂಪು ಕೋಳಿ. ಬಲ ಮುಂಗಾಲು ಊದಿತ್ತು. ಪ್ರಬುದ್ಧ ಕರುಣೆಯಿಂದ ಪೆಟ್ಟಿಗೆ ತೆರೆದು, ನೋವು ಇಳಿಸುವ ಔಷಧಿಯನ್ನು ತೂಕಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿ ಕುತ್ತಿಗೆಗೆ ಸೂಜಿ ಹಾಕಿದ್ದ. ತನ್ನ ಪದ್ಧತಿಯಂತೆ ದಾಖಲೆ ಪುಸ್ತಕದಲ್ಲಿ ಔಷಧಿಯ ಹೆಸರು, ಪ್ರಮಾಣ, ಹೊತ್ತು ಎಲ್ಲ ಬರೆದು ಕೆಳಗೆ ಸಹಿ ಹಾಕಿದ್ದ.

ದ್ಯಾಮಕ್ಕ ಹಗ್ಗ ಸಡಿಲಿಸುತ್ತ, ಹೆಮ್ಮೆಯಿಂದ, ಅವನಿಗಷ್ಟೇ ಕೇಳುವಂತೆ ಹೇಳಿದಳು: "ಮೊನ್ನಿ ಕಾಲು ಊರವಲ್ದಾಗಿತ್ತು ತಮ್ಮಾ ಇದು. ನನ್ನ ತಮ್ಮ ಬೀರಲಿಂಗೇಶ ದಾರ್ಯಾಗ ಸೊಸೈಟಿ ಡಾಕ್ಟರ್‌ನ್ನ ನಿಂದರಿಸಿ ಸೂಜಿ ಹಾಕಿಸ್ಕಂಡು ಬಂದ. ಯಾವ ಪುಣ್ಯಾತ್ಮನೋ, ಹೆಸರೂ ಕೇಳಿಲ್ಲ ಇವ. ಇವತ್ತು ಗೆದ್ದೈತಿ ನೋಡು."

ಸಂಘಕ್ಕೆ ಇದ್ದ ಡಾಕ್ಟರ್ ಒಬ್ಬನೇ. ಅವನು ಡಾಕ್ಟರೂ ಅಲ್ಲ.

ಪ್ರಬುದ್ಧನ ತಲೆಯೊಳಗೆ ಲೆಕ್ಕ ತಾನಾಗಿ ನಡೆಯಿತು. ಆ ಔಷಧಿ ಕುದುರೆಯ ಮೂತ್ರದಲ್ಲಿ ಎಪ್ಪತ್ತೆರಡು ತಾಸು ಕಾಣಿಸುತ್ತದೆ. ಈಗ ಆಗಿರುವುದು ನಲವತ್ತನಾಲ್ಕು. ಮಾದರಿಯಲ್ಲಿ ಔಷಧಿ ಸಿಕ್ಕರೆ ಕುದುರೆ ಹೊರಗೆ; ಅದನ್ನು ಹಾಕಿದವನನ್ನು ಸಂಘದ ಯಾವ ಹುದ್ದೆಗೂ ಪರಿಗಣಿಸತಕ್ಕದ್ದಲ್ಲ. ಈ ಸಾಲನ್ನು ಕನ್ನಡಕ್ಕೆ ತರುವಾಗ ಅದು ಚೆನ್ನಾಗಿ ಬಂದಿದೆಯೆಂದು ಅವನಿಗೆ ಸಮಾಧಾನವಾಗಿತ್ತು. ಮಾದರಿ ಒಯ್ಯದಿದ್ದರೆ ಕೆಲಸ ಕಾಯಂ ಆಗುವುದಿಲ್ಲ. ಒಯ್ದರೆ ಇರುವ ಕೆಲಸವೂ ಉಳಿಯುವುದಿಲ್ಲ. ಒಂದೇ ದಾರಿ ಉಳಿದಿತ್ತು. ಮಾದರಿ ನೂರು ಮಿಲಿಗೆ ಕಮ್ಮಿ ಬಂದರೆ ಅಸಿಂಧು. ಯಾರದೂ ತಪ್ಪಲ್ಲ, ಕುದುರೆಯದಷ್ಟೇ. ಬಾಟಲಿ ಬಂತು, ಆದರೆ ಸಾಲಲಿಲ್ಲ ಎಂದು ಗುರುಬಸವರಾಜರ ಮುಂದೆ ತಲೆಯೆತ್ತಿ ಹೇಳಬಹುದು.

ಹೊಲದ ಅಂಚಿಗೆ ಜೀಪು ಬಂದು ನಿಂತಿತು. ಗುರುಬಸವರಾಜರೇ ಇಳಿದರು, ಹಿಂದೆ ನಾಗಪ್ಪ ಮೇಷ್ಟ್ರು, ಇನ್ನೂ ನಾಲ್ಕು ಜನ. ಕಾರ್ಯದರ್ಶಿಗಳು ಬೆವರಿನಿಂದ ತೊಯ್ದ ಅವನ ಬೆನ್ನಿನ ಮೇಲೆ ಕೈಯಿಟ್ಟು, ಇಂಥ ನಿಷ್ಠೆಯನ್ನು ತಾವು ಕಂಡಿಲ್ಲ, ನಾಳೆ ಮೀಟಿಂಗಿನಲ್ಲಿ ಮಾತೇ ಬೇಕಾಗಿಲ್ಲ ಎಂದರು.

ಎರಡು ಗಂಟೆ ಮೂವತ್ತೊಂದು ನಿಮಿಷ. ದೊಡ್ಡಬೀರಪ್ಪ ಕೋಳಿ ಇಳಿಸಿದ, ಮರಿ ಇಳಿಸಿದ, ಕೊಡ, ಪಾತ್ರೆ, ಬಲೆ ಎಲ್ಲ ಇಳಿಸಿದ. ಮೆತ್ತೆ ಜಾರಿತು. ಸರದಾರ ದೀರ್ಘವಾಗಿ ಒಂದು ಉಸಿರು ಬಿಟ್ಟು ಹಿಂಗಾಲು ಅಗಲಿಸಿತು.

ಬೆಳಗಿನಿಂದ ಬಾ ಬಾ ಎಂದು ಕರೆದವನು ಈಗ ಬೇಡ ಬೇಡ ಎಂದು ಮನಸ್ಸಿನಲ್ಲೇ ಕೈಮುಗಿದ. ಐವತ್ತಕ್ಕೆ ನಿಲ್ಲಿಸು, ಅರವತ್ತಕ್ಕೆ ನಿಲ್ಲಿಸು, ಹೋಗಲಿ ತೊಂಬತ್ತಕ್ಕಾದರೂ ನಿಲ್ಲಿಸು. ಮೊದಲ ಧಾರೆ ಪಾತ್ರೆಗೆ ಬಿದ್ದಾಗ ಗಂಟೆ ಬಾರಿಸಿದ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು. ಅವನು ಕೈ ಸೋತವನಂತೆ ಪಾತ್ರೆಯನ್ನು ಒಂದು ಕಡೆಗೆ ವಾಲಿಸಿದ.

"ಪಾತ್ರಿ ನೆಟ್ಟಗ ಹಿಡೀರಿ ಸಾಹೇಬ್ರ," ಎಂದ ಎರ್ರೆಪ್ಪ ಮೊಬೈಲು ಹತ್ತಿರ ತಂದು. "ಸಾವಿರದ ಇನ್ನೂರು ಮಂದಿ ಆಗ್ಯಾರ."

ಪಾಪ, ಹುಡುಗನ ಕೈ ಸೋತಿದೆ ಎಂದು ದೊಡ್ಡಬೀರಪ್ಪ ಓಡಿಬಂದು ಕೋಲಿಗೆ ತನ್ನ ಕೈಯನ್ನೂ ಕೊಟ್ಟ. ಕುರಿಗಾರನ ಕೈ, ಬಂಡೆಗೆ ಹೂಳಿದ ಗೂಟದ ಹಾಗೆ ಅಲುಗಲಿಲ್ಲ. ಒಂದು ಹನಿ ಹೊರಗೆ ಹೋಗಲಿಲ್ಲ. ಎರಡು ಬಕೆಟ್ ನೀರಿನ, ಆರು ಕಿಲೋಮೀಟರಿನ, ಇಡೀ ದಿನದ ಲೆಕ್ಕವನ್ನು ಸರದಾರ ನಿಧಾನವಾಗಿ, ಪ್ರಾಮಾಣಿಕವಾಗಿ ಒಪ್ಪಿಸಿತು. ನಿಂತಿತು ಎಂದುಕೊಂಡಾಗ ಇನ್ನೊಮ್ಮೆ ಒಪ್ಪಿಸಿತು.

ಪ್ರಬುದ್ಧ ಜೀಪಿನಲ್ಲಿ ಬಂದಿದ್ದ ತನ್ನ ಪೆಟ್ಟಿಗೆಯಿಂದ ಅರ್ಧ ಲೀಟರಿನ ಅಳತೆ ಜಾಡಿ ತೆಗೆದು ಸಮತಟ್ಟಾದ ಕಲ್ಲಿನ ಮೇಲಿಟ್ಟ. ಸುತ್ತ ನಿಂತ ಎಲ್ಲರೂ ನೋಡುತ್ತಿದ್ದಂತೆ ಸುರಿದ, ತುಂಬಿತು. ಚೆಲ್ಲಿ ಮತ್ತೆ ಸುರಿದ, ಮತ್ತೆ ತುಂಬಿತು. ಮೂರನೆಯ ಸಲ ಸುರಿದ. ಕಾಲೇಜಿನಲ್ಲಿ ಕಲಿಸಿದ ಹಾಗೆ ಮೊಣಕಾಲೂರಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಮೇಲ್ಮೈಯ ತಗ್ಗಿನ ಅಂಚನ್ನು ಓದಿದ. ಕಮ್ಮಿ ಬರೆಯಲು ಕೈ ಬರಲಿಲ್ಲ. ಎದುರಿಗೆ ಕ್ಯಾಮೆರಾ ಇಲ್ಲದಿದ್ದರೂ ಬರುತ್ತಿರಲಿಲ್ಲ. ನಮೂನೆಯ ಮೊದಲ ಖಾನೆಯಲ್ಲಿ ಕುದುರೆಯ ಹೆಸರು ಬರೆದ, ಎರಡನೆಯದರಲ್ಲಿ ಹೊತ್ತು ಬರೆದ, ಮೂರನೆಯದರಲ್ಲಿ ಮಾದರಿಯ ಪ್ರಮಾಣ ಬರೆದ: 1,340 ಮಿಲಿಲೀಟರ್.